ಮಾರಾಟವಿಲ್ಲದ ಕಾಯಿಪಲ್ಲೆ ಕಟ್ಟೆ: ಧಾರವಾಡದ ಒಂದು ಬಡಾವಣೆಯ ತೋಟ

ಧಾರವಾಡದ ಕೆಲಗೇರಿ ಭಾಗದ ಒಂದು ಬಡಾವಣೆಯಲ್ಲಿ, ಉದ್ಯಾನಕ್ಕೆಂದು ಬಿಟ್ಟು ಮುಳ್ಳುಕಂಟಿ ಬೆಳೆದಿದ್ದ ಜಾಗವನ್ನು ನಿವಾಸಿಗಳೇ ಹಸನುಗೊಳಿಸಿ ಕಾಯಿಪಲ್ಲೆಯ ತೋಟ ಮಾಡಿದ್ದಾರೆ. ಬೆಳೆದದ್ದನ್ನು ಇಲ್ಲಿ ಮಾರುವುದಿಲ್ಲ. ರವಿವಾರ ಬೆಳಿಗ್ಗೆ ಬೇವಿನ ಮರದ ಕಟ್ಟೆಯ ಮೇಲೆ ಬುಟ್ಟಿಗಳಲ್ಲಿ ಇಡುತ್ತಾರೆ; ಬೇಕಾದವರು ಒಂದು ಹೊತ್ತಿನ ಅಡುಗೆಗೆ ಸಾಕಾಗುವಷ್ಟು ಒಯ್ಯುತ್ತಾರೆ. ಮನೆಗಳ ಹಿತ್ತಲಲ್ಲಿ ಹೆಚ್ಚಾದ ಕರಿಬೇವು, ನುಗ್ಗೆಕಾಯಿ, ಲಿಂಬೆ, ಪೇರಲ ಕೂಡ ಅದೇ ಕಟ್ಟೆಗೆ ಬರುತ್ತವೆ. ಒಂದು ಮಳೆಗಾಲ, ಒಂದು ಚಳಿಗಾಲ ಇಲ್ಲಿಯ ಪಲ್ಲೆ ಉಂಡವನಾಗಿ, ಆಗಾಗ ಕಳೆ ಕಿತ್ತವನಾಗಿ ಈ ಅಭಿಪ್ರಾಯ ಬರೆಯುತ್ತಿದ್ದೇನೆ.

ಸೊಪ್ಪಿನ ವಿಷಯದಲ್ಲಿ ಈ ಕಟ್ಟೆಗೆ ಯಾವ ಅಂಗಡಿಯೂ ಸಾಟಿಯಾಗಲಾರದು. ಹಕ್ಕರಕಿಯನ್ನು ಹಸಿಯಾಗಿಯೇ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನೊಂದಿಗೆ ತಿನ್ನುವವರಿಗೆ ಗೊತ್ತು, ಅದು ಕಿತ್ತ ಕೆಲವೇ ಗಂಟೆಗಳಲ್ಲಿ ಬಾಡಿ ತನ್ನ ಸೊಗಸು ಕಳೆದುಕೊಳ್ಳುತ್ತದೆ. ಇಲ್ಲಿ ಮಡಿಗೂ ತಾಟಿಗೂ ನಡುವೆ ಒಂದು ಓಣಿಯಷ್ಟೇ ಅಂತರ. ಪುಂಡಿ ಪಲ್ಲೆಯ ಕುಡಿ ಚಿವುಟಿದಷ್ಟೂ ಮತ್ತೆ ಚಿಗುರುವುದರಿಂದ ಒಂದು ಬಿತ್ತನೆ ಹಲವು ಮನೆಗಳಿಗೆ ಹಲವು ವಾರ ಒದಗುತ್ತದೆ. ಮೆಂತೆ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಬದನೆ, ಚವಳಿಕಾಯಿ ಸಾಧಾರಣ. ಮಳೆಗಾಲದ ಟೊಮೆಟೊ ಮಾತ್ರ ನಿರಾಸೆ ಮಾಡುತ್ತದೆ, ಏಕೆಂದರೆ ಎಡೆಬಿಡದ ತೇವದಲ್ಲಿ ಎಲೆಗೆ ರೋಗ ಬಿದ್ದು ಕಾಯಿ ಬಲಿಯುವುದೇ ಇಲ್ಲ.

ಈ ತೋಟದ ಬಗ್ಗೆ ನನಗೆ ಹೆಚ್ಚಿನ ಗೌರವ ಮೂಡಿಸಿದ್ದು ನೀರು. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ಕೆಲವು ಹಳ್ಳಿಗಳಲ್ಲಿ ನಗರದ ಕೊಳಚೆ ಹರಿಯುವ ನಾಲೆಗಳಿಂದ ನೀರೆತ್ತಿ ತರಕಾರಿ ಬೆಳೆಯುವುದನ್ನು ಸಂಶೋಧಕರು 2000ರ ದಶಕದ ಆರಂಭದಲ್ಲಿಯೇ ದಾಖಲಿಸಿದ್ದಾರೆ. ಬೇಸಿಗೆಯಲ್ಲಿಯೂ ಬತ್ತದ, ಗೊಬ್ಬರದ ಸಾರವೂ ಇರುವ ಆ ನೀರನ್ನು ಬಳಸುವ ರೈತರನ್ನು ನಾನು ದೂರುವುದಿಲ್ಲ. ಕೊಳಚೆಯನ್ನು ಶುದ್ಧಗೊಳಿಸದೆ ಹೊರಗೆ ಬಿಟ್ಟದ್ದು ನಗರವೇ. ಆದರೆ ಹಸಿಯಾಗಿ ತಿನ್ನುವ ಸೊಪ್ಪು ಯಾವ ನೀರಿನಲ್ಲಿ ಬೆಳೆಯಿತೆಂಬುದು ಉಣ್ಣುವವನಿಗೆ ತಿಳಿದಿರಬೇಕು. ಇಲ್ಲಿ ಕೊಳವೆಬಾವಿಯ ಪೈಪು ಕಣ್ಣೆದುರಿಗಿದೆ, ತಿಪ್ಪೆಗೊಬ್ಬರದ ಗುಂಡಿ ಪಕ್ಕದಲ್ಲಿದೆ, ಕೇಳಿದರೆ ಉತ್ತರಿಸುವವರು ಮಡಿಯಲ್ಲಿಯೇ ಕುಳಿತಿರುತ್ತಾರೆ. ಬೇಸಿಗೆಯಲ್ಲಿ ಆ ಕೊಳವೆಬಾವಿ ಸಾಲದೆ ಮಾರ್ಚ್‌ನಿಂದ ಮಳೆ ಬರುವವರೆಗೆ ತೋಟ ಬಹುಮಟ್ಟಿಗೆ ಬರಿದಾಗಿರುತ್ತದೆ. ನೂರು ಚದರ ಮೀಟರಿನ ಛಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಹೆಚ್ಚುಕಡಿಮೆ 1,000 ಲೀಟರ್ ನೀರಾಗುತ್ತದೆ. ಅಕ್ಕಪಕ್ಕದ ಮನೆಗಳ ಮಾಳಿಗೆಯ ನೀರನ್ನು ಒಂದು ದೊಡ್ಡ ತೊಟ್ಟಿಗೆ ತಿರುಗಿಸಿದರೆ ಮುಂಗಾರು ಹಾಗೂ ಹಿಂಗಾರಿನ ನಡುವಿನ ಒಣ ವಾರಗಳಾದರೂ ದಾಟುತ್ತವೆ.

ಉಳಿಸಿದ ಬೀಜವನ್ನು ಹಂಚಿಕೊಳ್ಳಲು ಇಟ್ಟಿರುವ ಡಬ್ಬಿಯ ವ್ಯವಸ್ಥೆಯನ್ನು ತುರ್ತಾಗಿ ಸರಿಪಡಿಸಬೇಕು. ಅವರೆ, ಅಲಸಂದೆ, ಮೆಂತೆ ಬಹುಪಾಲು ತಮ್ಮಲ್ಲಿಯೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ಅವುಗಳ ಬೀಜ ಉಳಿಸಿ ಹಂಚುವುದು ಸುಲಭ. ಸೋರೆ, ಹೀರೆಗಳ ಮಾತು ಬೇರೆ: ಕೀಟಗಳು ಬಳ್ಳಿಯಿಂದ ಬಳ್ಳಿಗೆ ಪರಾಗ ಒಯ್ಯುತ್ತವೆ, ಮುಂದಿನ ಪೀಳಿಗೆಯ ಗುಣ ಹೇಳಬರುವುದಿಲ್ಲ. ಕಟ್ಟೆಯಿಂದ ತಂದ ಒಂದು ಸೋರೆಕಾಯಿ ನಮ್ಮ ಮನೆಯಲ್ಲಿ ಬಾಯಿಗಿಡಲಾಗದಷ್ಟು ಕಹಿಯಾಗಿತ್ತು. ಅಂಥ ಕಹಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶದ ಗುರುತು. ಬೇಯಿಸಿದರೂ ಹೋಗುವುದಿಲ್ಲ, ವಾಂತಿ-ಭೇದಿಯಿಂದ ಹಿಡಿದು ಪ್ರಾಣಾಪಾಯದವರೆಗೂ ಒಯ್ಯಬಲ್ಲದು. ತುದಿಯ ಚೂರೊಂದನ್ನು ನಾಲಿಗೆಗೆ ತಾಗಿಸಿ ನೋಡಿ, ಕಹಿಯಾದರೆ ಉಗುಳಿ ಕಾಯಿಯನ್ನು ಎಸೆಯಬೇಕೆಂಬ ಸೂಚನೆಯನ್ನು ಕಟ್ಟೆಯ ಮೇಲೆ ಬರೆದು ಹಾಕಲಿ, ಅಂಥ ಬಳ್ಳಿಯ ಬೀಜ ಡಬ್ಬಿಗೆ ಸೇರದಿರಲಿ.

ನನ್ನ ಗಂಭೀರ ಆಕ್ಷೇಪಣೆ ಹಂಚಿಕೆಯ ಹೊತ್ತಿನ ಕುರಿತು. ವಾಯುವಿಹಾರಕ್ಕೆ ಬಂದವರು ಬೆಳಿಗ್ಗೆಯೇ ಬುಟ್ಟಿಗಳನ್ನು ಖಾಲಿ ಮಾಡುತ್ತಾರೆ. ಇದೇ ಬಡಾವಣೆಯ ಮನೆಗಳಲ್ಲಿ ಪಾತ್ರೆ ತೊಳೆಯುವ ಅಕ್ಕಂದಿರು, ಕಾವಲುಗಾರರು, ಬಾಡಿಗೆ ಕೋಣೆಗಳಲ್ಲಿ ತಾವೇ ಬೇಯಿಸಿಕೊಳ್ಳುವ ವಿದ್ಯಾರ್ಥಿಗಳು ಬರುವಷ್ಟರಲ್ಲಿ ಉಳಿಯುವುದು ಕರಿಬೇವಿನ ಕಡ್ಡಿ. ಜಾಗ ಸಾರ್ವಜನಿಕರದ್ದು, ಬಡಾವಣೆಯಲ್ಲಿ ಸ್ವಂತ ಮನೆಯುಳ್ಳವರದ್ದಷ್ಟೇ ಅಲ್ಲ. ಕೊಯ್ದದ್ದರಲ್ಲಿ ಅರ್ಧವನ್ನು ಒದ್ದೆ ಗೋಣಿಚೀಲದಡಿ ಸಂಜೆಗೆ ತೆಗೆದಿಡುವುದು ಕಷ್ಟದ ಕೆಲಸವಲ್ಲ, ಮತ್ತು ಅದನ್ನು ಪಡೆಯಲು ಕಳೆ ಕಿತ್ತಿರಲೇಬೇಕೆಂಬ ಷರತ್ತನ್ನು ಯಾರೂ ಹಾಕಬಾರದು.

ಇಷ್ಟಾದರೂ ಹೋಗಿ ನೋಡಬೇಕಾದ ತೋಟವಿದು. ಜುಲೈನಿಂದ ಫೆಬ್ರುವರಿಯವರೆಗೆ ಹೋದರೆ ಮಡಿಗಳು ತುಂಬಿರುತ್ತವೆ. ಕೈಚೀಲ ನಿಮ್ಮದೇ ಇರಲಿ. ತಮ್ಮ ಓಣಿಯಲ್ಲಿ ಇಂಥದ್ದನ್ನು ಆರಂಭಿಸಬಯಸುವವರು ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳದಲ್ಲಿ ಬೀಜದ ಮಳಿಗೆಗಳನ್ನು ಮೊದಲು ನೋಡಿಕೊಂಡು, ಸೊಪ್ಪಿನ ಎರಡು ಮಡಿಗಳಿಂದ ತೊಡಗಲಿ. ಬಳ್ಳಿ, ಟೊಮೆಟೊಗಳನ್ನು ನೀರಿನ ವ್ಯವಸ್ಥೆಯಾದ ಮೇಲೆ ಹಾಕಿದರಾಯಿತು.