ಹೆಂಡತಿಯ ಎಂಡೋಮೆಟ್ರಿಯೋಸಿಸ್‌ಗೆ ಯಾರ ಹತ್ತಿರ ಹೋಗಬೇಕು? ನಾವು ಅಲೆದು ನೋಡಿದ ದಾರಿಗಳ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ನನ್ನ ಹೆಂಡತಿಗೆ ಎಂಡೋಮೆಟ್ರಿಯೋಸಿಸ್ ಇದೆ, ಫೈಲು ಹಿಡಿದು ಅವಳ ಜೊತೆ ಹಲವು ಕಡೆ ಅಲೆದಿದ್ದೇನೆ. ಎಲ್ಲಿ ಏನು ಸಿಕ್ಕಿತು, ಯಾರು ಯಾವುದಕ್ಕೆ ಆಗುತ್ತಾರೆ, ಯಾವುದಕ್ಕೆ ಆಗಲ್ಲ ಅನ್ನುವುದನ್ನ ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ. ಅವಳು ಓದಿ, ಅಲ್ಲಲ್ಲಿ ಗೀಟು ಹಾಕಿ ತಿದ್ದಿಸಿ, ಆಮೇಲೆ "ಹಾಕು" ಅಂದಳು.

ಗೊತ್ತಿಲ್ಲದವರಿಗೆ ಚುಟುಕಾಗಿ: ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಓವರಿ ಮೇಲೆ, ಗರ್ಭಕೋಶದ ಹಿಂದೆ, ಕರುಳಿನ ಮೇಲೆ, ಮೂತ್ರಕೋಶದ ಮೇಲೆ. ಅದರಿಂದ ಊತ, ನೋವು, ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು 10ರಲ್ಲಿ ಒಬ್ಬರಿಗೆ, ಅಂದರೆ ಜಗತ್ತಿನಲ್ಲಿ ಹತ್ತಿರ ಹತ್ತಿರ 19 ಕೋಟಿ ಜನಕ್ಕೆ ಇದು ಇದೆ. ಆದರೂ ಕಾಯಿಲೆಯ ಹೆಸರು ಗೊತ್ತಾಗುವ ಹೊತ್ತಿಗೆ ಎಷ್ಟೋ ಜನಕ್ಕೆ ವರ್ಷಗಳೇ ಕಳೆದಿರುತ್ತವೆ. "ಮುಟ್ಟು ಅಂದ ಮೇಲೆ ನೋವು ಇದ್ದೇ ಇರುತ್ತೆ" ಅನ್ನುವ ಮಾತು ಮನೆಯಲ್ಲೂ ಕೇಳುತ್ತೆ, ಆಸ್ಪತ್ರೆಯಲ್ಲೂ ಕೇಳುತ್ತೆ, ಅಲ್ವಾ.

ಮೊದಲ ಹೋಲಿಕೆ, ಮಾಮೂಲಿ ಗೈನಕಾಲಜಿಸ್ಟ್ ಮತ್ತು ಇದನ್ನೇ ಮುಖ್ಯವಾಗಿ ನೋಡುವ ಸ್ಪೆಷಲಿಸ್ಟ್.

ಮಾಮೂಲಿ ಡಾಕ್ಟರ್ ಬೇಗ ಸಿಗುತ್ತಾರೆ. ಕಾಯುವ ಗೋಳು ಕಡಿಮೆ. ಆದರೆ ನಮಗೆ ಸಿಕ್ಕವರಲ್ಲಿ ಒಬ್ಬರು "ನೋವು ಜಾಸ್ತಿನಾ, ಕಡಿಮೆನಾ" ಅಂತ ಕೇಳಿ ನೋವಿನ ಮಾತ್ರೆ ಬರೆದರು. ಇನ್ನೊಬ್ಬರು "ಒಂದು ಮಗು ಆಗಲಿ, ಎಲ್ಲಾ ಸರಿಹೋಗುತ್ತೆ" ಅಂದರು. ಇದು ಸುಳ್ಳು. ಬಸುರಿಯಾಗಿದ್ದಾಗ ಕೆಲವರಿಗೆ ನೋವು ಕಡಿಮೆ ಆಗಬಹುದು, ಅಷ್ಟೇ. ಬಸಿರು ಈ ಕಾಯಿಲೆಗೆ ಔಷಧಿ ಅಲ್ಲ.

ಸ್ಪೆಷಲಿಸ್ಟ್ ಕೇಳಿದ ಪ್ರಶ್ನೆಗಳೇ ಬೇರೆ. ಮುಟ್ಟಿನ ದಿನಗಳಲ್ಲಿ ಟಾಯ್ಲೆಟ್‌ಗೆ ಕೂತಾಗ ನೋವಾಗುತ್ತಾ? ಮೂತ್ರ ಮಾಡುವಾಗ? ಗಂಡನ ಜೊತೆ ಸೇರಿದ ಮೇಲೆ ಮಾರನೇ ದಿನವೂ ನೋವು ಉಳಿಯುತ್ತಾ? ಮುಟ್ಟಿನ ಸಮಯದಲ್ಲಿ ಭುಜ ನೋಯುತ್ತಾ? ತಿಂಗಳಲ್ಲಿ ಎಷ್ಟು ದಿನ ಹಾಸಿಗೆ ಹಿಡಿಯುತ್ತೀರಿ? ಇದರಲ್ಲಿ ಕೆಲವಕ್ಕೆ ಅವಳು ಕೊಟ್ಟ ಉತ್ತರ ನನಗೇ ಹೊಸದು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಹಾಗಂತ ಮಾಮೂಲಿ ಡಾಕ್ಟರ್ ಬೇಡ ಅನ್ನುತ್ತಿಲ್ಲ. ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಪರೀಕ್ಷೆ ಮಾಡಿ, "ಇದು ನನ್ನ ಕೈಲಿ ಆಗೋದಲ್ಲ, ಇದನ್ನೇ ಮಾಡುವವರ ಹತ್ತಿರ ಕಳಿಸ್ತೀನಿ" ಅಂದರು. ನಮ್ಮ ಇಡೀ ಓಡಾಟದಲ್ಲಿ ಅತಿ ಉಪಯೋಗಕ್ಕೆ ಬಂದ ಮಾತು ಅದು. ಈಗಲೂ ಸಣ್ಣಪುಟ್ಟದಕ್ಕೆ, ಮಾತ್ರೆ ಮುಂದುವರಿಸುವುದಕ್ಕೆ ಅವರ ಹತ್ತಿರವೇ ಹೋಗುತ್ತೇವೆ.

ಎರಡನೆಯದು ಸ್ಕ್ಯಾನಿಂಗ್. ಇಲ್ಲಿ ಮಷೀನಿಗಿಂತ ಕೈ ಮುಖ್ಯ ಅನ್ನುವುದನ್ನ ಕಣ್ಣಾರೆ ಕಂಡೆವು. ಮಾಮೂಲಿ ಸ್ಕ್ಯಾನ್‌ನಲ್ಲಿ "ನಾರ್ಮಲ್" ಅಂತ ರಿಪೋರ್ಟ್ ಬಂದಿತ್ತು. ಸ್ಪೆಷಲಿಸ್ಟ್ ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್ ತಾವೇ ಮಾಡಿದರು. ಪ್ರೋಬ್ ಮೆಲ್ಲಗೆ ಒತ್ತುತ್ತಾ, ಇನ್ನೊಂದು ಕೈಯಿಂದ ಹೊಟ್ಟೆ ಒತ್ತುತ್ತಾ, ಪರದೆ ನಮ್ಮ ಕಡೆ ತಿರುಗಿಸಿದರು. "ನೋಡಿ, ಗರ್ಭಕೋಶ ಹಿಂದಿನ ಕರುಳಿನ ಮೇಲೆ ಸಲೀಸಾಗಿ ಜಾರಬೇಕು. ಇಲ್ಲಿ ಎರಡೂ ಒಟ್ಟಿಗೇ ಅಲ್ಲಾಡ್ತಿವೆ." ಅಂಟಿಕೊಂಡಿತ್ತು. ಹಳೇ ರಿಪೋರ್ಟಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ, ಯಾಕೆಂದರೆ ಯಾರೂ ಹಾಗೆ ಒತ್ತಿ ನೋಡಿಯೇ ಇರಲಿಲ್ಲ.

ಎಂಆರ್‌ಐ ಮಾಡಿಸಿದ್ದು ಆಮೇಲೆ. ಆಪರೇಷನ್ ಮಾತು ಬಂದಾಗ ಕರುಳಿನಲ್ಲಿ ಎಷ್ಟು ಆಳಕ್ಕೆ ಇದೆ ಅಂತ ನೋಡಲು ಅದು ಬೇಕಾಯಿತು. ಈ ಕಾಯಿಲೆಯನ್ನು ಓದಿ ಅಭ್ಯಾಸ ಇರುವ ರೇಡಿಯಾಲಜಿಸ್ಟ್ ನೋಡಿದರೆ ಮಾತ್ರ ಅದಕ್ಕೆ ಬೆಲೆ. ಓವರಿ ಕ್ಯಾನ್ಸರ್ ನೋಡಲೂ ಬಳಸುವ ಸಿಎ-125 ಅನ್ನುವ ರಕ್ತಪರೀಕ್ಷೆಯನ್ನೂ ಒಬ್ಬರು ಬರೆದಿದ್ದರು. ಕಾಯಿಲೆ ಇದೆಯಾ ಇಲ್ಲವಾ ಅಂತ ಹೇಳಲು ಅದನ್ನು ನೆಚ್ಚಿಕೊಳ್ಳಲು ಆಗಲ್ಲ. ಸುಮ್ನೆ ಭಯ.

ಮೊದಲೆಲ್ಲ ಲ್ಯಾಪ್ರೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ, ಒಳಗೆ ನೋಡದೆ ಇದೇ ಕಾಯಿಲೆ ಅಂತ ಹೇಳುತ್ತಿರಲಿಲ್ಲ. 2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಇಎಸ್‌ಎಚ್‌ಆರ್‌ಇ ಸಂಸ್ಥೆ ತನ್ನ ಮಾರ್ಗಸೂಚಿಯಲ್ಲಿ ಅದನ್ನು ಬದಲಾಯಿಸಿತು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದಾಗ, ಅಥವಾ ಮಾತ್ರೆ ಕೆಲಸ ಮಾಡದಿದ್ದಾಗ, ಅಥವಾ ಮಾತ್ರೆ ಕೊಡುವ ಹಾಗಿಲ್ಲದಿದ್ದಾಗ ಲ್ಯಾಪ್ರೋಸ್ಕೋಪಿ ಅನ್ನುತ್ತದೆ ಅದು. ಜೊತೆಗೆ, ಸ್ಕ್ಯಾನ್ ನಾರ್ಮಲ್ ಬಂದ ಮಾತ್ರಕ್ಕೆ ಕಾಯಿಲೆ ಇಲ್ಲ ಅಂತಲ್ಲ. ತೆಳ್ಳಗೆ ಮೇಲ್ಮೈಯಲ್ಲಿ ಹರಡಿರುವುದು ಎಷ್ಟೋ ಸಲ ಸ್ಕ್ಯಾನ್‌ಗೆ ಸಿಕ್ಕುವುದೇ ಇಲ್ಲ.

ಈಗ ದೊಡ್ಡ ಪ್ರಶ್ನೆ. ಮಾತ್ರೆನಾ, ಆಪರೇಷನ್ನಾ?

ಅವಳು ತೆಗೆದುಕೊಂಡದ್ದು ಡೈನೋಜೆಸ್ಟ್ ಅನ್ನುವ ಹಾರ್ಮೋನ್ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ, ಬಿಡುವಿಲ್ಲದೆ. ನೋವು ನಿಜಕ್ಕೂ ಇಳಿಯಿತು. ಆದರೆ ಶುರುವಿನ ತಿಂಗಳುಗಳಲ್ಲಿ ಆಗಾಗ ಚೂರು ಚೂರು ರಕ್ತ ಕಾಣಿಸಿಕೊಳ್ಳುತ್ತಿತ್ತು, ಮನಸ್ಸೂ ಕುಗ್ಗುತ್ತಿತ್ತು. ಆಮೇಲೆ ಒಂದು ಇಂಜೆಕ್ಷನ್ ಬಗ್ಗೆ ಹೇಳಿದರು, ದೇಹವನ್ನು ಕೆಲಕಾಲ ಮುಟ್ಟು ನಿಂತ ಸ್ಥಿತಿಗೆ ತರುವ ಜಿಎನ್‌ಆರ್‌ಎಚ್ ಗುಂಪಿನದು. ಮೈ ಬಿಸಿಯೇರುವುದು, ಮೂಳೆ ತೆಳುವಾಗುವುದು ಇದರ ತೊಂದರೆ, ಅದಕ್ಕೇ ಜೊತೆಯಲ್ಲಿ ಸ್ವಲ್ಪ ಹಾರ್ಮೋನ್ ವಾಪಸ್ ಕೊಡುತ್ತಾರೆ. ಅವಳು ಬೇಡ ಅಂದಳು, ಡಾಕ್ಟರೂ ಒತ್ತಾಯ ಮಾಡಲಿಲ್ಲ. ಮಾತ್ರೆಯ ವಿಷಯದಲ್ಲಿ ಎರಡು ಮಾತು ನೆನಪಿರಲಿ: ಇವು ಕಾಯಿಲೆಯನ್ನು ಅದುಮಿಡುತ್ತವೆ, ತೆಗೆಯುವುದಿಲ್ಲ, ನಿಲ್ಲಿಸಿದರೆ ನೋವು ಮರಳಬಹುದು. ಮತ್ತೆ, ಮಗು ಬೇಕು ಅಂತ ಪ್ರಯತ್ನ ಮಾಡುವ ಕಾಲಕ್ಕೆ ಇವು ಆಗಿಬರಲ್ಲ, ಅಂಡ ಬಿಡುಗಡೆಯನ್ನೇ ತಡೆಯುತ್ತವಲ್ಲ.

ಆಪರೇಷನ್‌ಗೆ ಇಬ್ಬರು ಸರ್ಜನ್‌ಗಳನ್ನು ಕಂಡೆವು. ಮೊದಲನೆಯವರಿಗೆ ಒಳ್ಳೇ ಹೆಸರು. ಹೊರಗೆ ಕಾಯುವವರ ಸಾಲು ನೋಡಿದರೇ ಗೊತ್ತಾಗುತ್ತಿತ್ತು. ಸ್ಕ್ಯಾನ್ ಚಿತ್ರಗಳ ಕವರ್ ತೆಗೆಯಲೂ ಇಲ್ಲ, ರಿಪೋರ್ಟಿನ ಕೊನೇ ಸಾಲು ಓದಿ, "ಒಂದೇ ಸಲಕ್ಕೆ ಎಲ್ಲಾ ಕ್ಲೀನ್ ಮಾಡ್ತೀನಿ, ಬೇಕಿದ್ರೆ ಗರ್ಭಕೋಶಾನೂ ತೆಗೆದುಬಿಡೋಣ, ಮತ್ತೆ ತೊಂದರೆನೇ ಇರಲ್ಲ" ಅಂದರು. ಗರ್ಭಕೋಶ ತೆಗೆದ ಮೇಲೂ ಬೇರೆ ಕಡೆ ಉಳಿದದ್ದು ನೋವು ಕೊಡಬಹುದು, ಅದನ್ನು ಅವರು ಹೇಳಲಿಲ್ಲ.

ಎರಡನೆಯವರು ಬಿಳಿ ಹಾಳೆಯ ಮೇಲೆ ಗರ್ಭಕೋಶ, ಓವರಿ, ಕರುಳು ಬರೆದು ಎಲ್ಲೆಲ್ಲಿ ಇದೆ ಅಂತ ಗುರುತು ಹಾಕಿದರು. ಮೇಲೆ ಮೇಲೆ ಸುಡುವುದಕ್ಕೂ ಕತ್ತರಿಸಿ ತೆಗೆಯುವುದಕ್ಕೂ ಏನು ವ್ಯತ್ಯಾಸ ಅಂತ ಹೇಳಿದರು. ಆಳಕ್ಕೆ ಇಳಿದದ್ದನ್ನು ಮೇಲೆ ಸುಟ್ಟರೆ ಕೆಳಗಿನದು ಉಳಿಯುತ್ತದೆ. ಕತ್ತರಿಸಿ ತೆಗೆದರೆ ಲ್ಯಾಬಿಗೂ ಕಳಿಸಬಹುದು. ಓವರಿಯಲ್ಲಿರುವ ಚಾಕೊಲೇಟ್ ಸಿಸ್ಟ್ (ಹಳೇ ರಕ್ತ ತುಂಬಿದ ಚೀಲ) ಅನ್ನು ಬರೀ ಹೀರಿ ತೆಗೆದರೆ ಮತ್ತೆ ತುಂಬಿಕೊಳ್ಳುವುದೇ ಜಾಸ್ತಿ, ಪೊರೆ ಸಮೇತ ತೆಗೆದರೆ ಅಂಡಗಳ ದಾಸ್ತಾನು ಸ್ವಲ್ಪ ಕಡಿಮೆ ಆಗಬಹುದು, ಅದಕ್ಕೇ ಮೊದಲು ಆ ದಾಸ್ತಾನು ಅಂದಾಜು ಮಾಡುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿ ಅಂದರು. ನಾನು "ಕರುಳಿನಲ್ಲಿ ಇದ್ದರೆ?" ಅಂತ ಕೇಳಿದೆ. "ಕರುಳಿನ ಸರ್ಜನ್ ಜೊತೆಗೇ ಇರ್ತಾರೆ. ಅವರು ಇಲ್ಲದ ದಿನ ನಾನು ಕೈ ಹಾಕಲ್ಲ."

ನಾವು ಅವರನ್ನೇ ಆರಿಸಿದೆವು. ಹೆಸರು, ಕಟ್ಟಡ, ರೋಬೋಟ್ ಇದೆಯಾ ಅನ್ನುವುದೆಲ್ಲ ಆಮೇಲೆ. ಸ್ಕ್ಯಾನ್ ಚಿತ್ರಗಳನ್ನು ತಾವೇ ನೋಡುತ್ತಾರಾ, ಇಂಥ ಆಳದ ಕೇಸುಗಳನ್ನು ವರ್ಷಕ್ಕೆ ಎಷ್ಟು ಮಾಡುತ್ತಾರೆ, ಕಾಯಿಲೆ ಕರುಳು, ಮೂತ್ರನಾಳದವರೆಗೆ ಹೋಗಿದ್ದರೆ ಪಕ್ಕದಲ್ಲಿ ಯಾರಿರುತ್ತಾರೆ, ಏನನ್ನು ಮಾಡಲ್ಲ ಅನ್ನುತ್ತಾರೆ, ಇಷ್ಟು ಕೇಳಿ. ಪ್ರಶ್ನೆ ಕೇಳಿದ್ದಕ್ಕೇ ಮುಖ ಗಂಟಿಕ್ಕುವವರಾದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು, ಕಾಯಿಲೆ ಎಷ್ಟು ಹರಡಿದೆ ಅಂತ ಹೇಳುವ ಸ್ಟೇಜ್ ಒಂದು, ಸ್ಟೇಜ್ ನಾಲ್ಕು ಅನ್ನುವ ಲೆಕ್ಕಕ್ಕೂ ನೋವಿಗೂ ತಾಳೆ ಆಗಲ್ಲ. "ಸ್ಟೇಜ್ ಒಂದೇ ತಾನೆ" ಅಂತ ಯಾರಾದರೂ ಹಗುರ ಮಾಡಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಆಪರೇಷನ್ ಆದ ಮೇಲೆ ನೋವು ತುಂಬಾ ಇಳಿಯಿತು, ಆದರೆ ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಕೆಲಸ ಮಾಡಿದ್ದು, ನಂಬಿಕೆಯೇ ಇಲ್ಲದೆ ಹೋಗಿದ್ದ ಪೆಲ್ವಿಕ್ ಫಿಸಿಯೋಥೆರಪಿ. ವರ್ಷಗಟ್ಟಲೆ ನೋವು ತಡೆದು ತಡೆದು ಕೆಳಹೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡು ಕೂತಿರುತ್ತವಂತೆ. ವಿಡಿಯೋ ನೋಡಿ ಆ ಸ್ನಾಯುಗಳನ್ನು ಬಿಗಿಹಿಡಿಯುವ ಕೆಗೆಲ್ ವ್ಯಾಯಾಮ ಮಾಡುತ್ತಿದ್ದಳು, ಮೊದಲು ಅದನ್ನ ನಿಲ್ಲಿಸಿ ಅಂದರು ಫಿಸಿಯೋ. ಬಿಗಿಯಾದದ್ದನ್ನು ಇನ್ನೂ ಬಿಗಿ ಮಾಡಿದ ಹಾಗಾಗುತ್ತೆ. ಉಸಿರು ಬಿಡುತ್ತಾ ಸಡಿಲ ಮಾಡುವುದನ್ನೇ ಕಲಿಸಿದರು. ಬಿಸಿನೀರಿನ ಬ್ಯಾಗ್ ಇವತ್ತಿಗೂ ಮಂಚದ ಪಕ್ಕದಲ್ಲೇ ಇದೆ. ಡಯಟ್‌ನಿಂದ ವಾಸಿ ಮಾಡುತ್ತೇನೆ ಅಂದವರ ಬಗ್ಗೆ ಹೇಳುವುದಕ್ಕೆ ಏನಿಲ್ಲ, ದುಡ್ಡು ಉಳಿಸಿಕೊಳ್ಳಿ.

ಸಪೋರ್ಟ್ ಗುಂಪಾ, ಕೌನ್ಸೆಲರಾ ಅಂದರೆ ಎರಡೂ ಬೇಕು, ಬೇರೆ ಬೇರೆ ಹೊತ್ತಿಗೆ. ಇದೇ ಕಾಯಿಲೆ ಇರುವವರ ಗುಂಪಿನಲ್ಲಿ "ಆಪರೇಷನ್ ಆದ ಮೇಲೆ, ಹೊಟ್ಟೆಗೆ ತುಂಬಿದ್ದ ಗ್ಯಾಸ್‌ನಿಂದ ಭುಜ ನೋಯುತ್ತೆ, ಹೆದರಬೇಡಿ" ಅನ್ನುವಂಥ ಮಾತು ಸಿಗುತ್ತೆ, ಡಾಕ್ಟರ್ ಹೇಳಲು ಮರೆಯುವಂಥದ್ದು. ಆದರೆ ರಾತ್ರಿ ಹೊತ್ತು ಓದಬಾರದು. ಅಲ್ಲಿ ಜಾಸ್ತಿ ಬರೆಯುವವರು ತುಂಬಾ ಕಷ್ಟದಲ್ಲಿರುವವರು, ಓದಿದರೆ ನಿದ್ದೆ ಬರಲ್ಲ. ಕೌನ್ಸೆಲರ್ ಹತ್ತಿರ ಇಬ್ಬರೂ ಒಟ್ಟಿಗೆ ಹೋದೆವು, ಮುಖ್ಯವಾಗಿ ಮಲಗುವ ಕೋಣೆಯ ವಿಷಯಕ್ಕೆ. ನೋವಾಗುತ್ತೆ ಅಂತ ಅವಳು ದೂರ ಇರುತ್ತಿದ್ದಳು, ನೋವು ಮಾಡಿಬಿಡುತ್ತೇನೆ ಅಂತ ನಾನು ದೂರ ಇರುತ್ತಿದ್ದೆ, ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆ ಮಾತು ಹೊರಗೆ ಬಂದದ್ದು ಅಲ್ಲೇ.

ಕೊನೆಗೆ ಗಂಡಂದಿರಿಗೆ. ಡಾಕ್ಟರ್ ರೂಮಿನಲ್ಲಿ ಜೊತೆ ಇರಿ. ಆದರೆ ಕೆಲವು ಡಾಕ್ಟರುಗಳು ಅವಳ ನೋವಿನ ಬಗ್ಗೆ ನಿಮ್ಮ ಮುಖ ನೋಡಿ ಕೇಳುತ್ತಾರೆ. ಆಗ ಬಾಯಿ ಮುಚ್ಚಿಕೊಂಡು ಅವಳ ಕಡೆ ತಿರುಗಿ. ದಪ್ಪ ಫೈಲಿಗಿಂತ ಒಂದು ಹಾಳೆ ಮೇಲು. ಮುಟ್ಟಿನ ತಾರೀಖು, ಆ ದಿನ 10ಕ್ಕೆ ಎಷ್ಟು ನೋವು, ಯಾವ ಮಾತ್ರೆ, ಎಷ್ಟು ಹೊತ್ತಿಗೆ ಇಳಿಯಿತು, ಕೆಲಸಕ್ಕೆ ರಜೆ ಹಾಕಿದ ದಿನಗಳು. ಫೈಲನ್ನು ಯಾರೂ ತಿರುವಿ ನೋಡಲಿಲ್ಲ, ಆ ಹಾಳೆಯನ್ನು ಎಲ್ಲರೂ ಓದಿದರು.

ಐವಿಎಫ್ ಬಗ್ಗೆ ಬರೆದಿಲ್ಲ. ಆ ದಾರಿಯನ್ನು ನಾವಿನ್ನೂ ಹಿಡಿದಿಲ್ಲ, ಹಾಗಾಗಿ ಹೋಲಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.