ಸದ್ದಿಲ್ಲದೆ ತಿರುಗುವ ಹ್ಯಾಮ್‌ಸ್ಟರ್ ಚಕ್ರ: ತುಮಕೂರಿನ ಲೇತ್ ಅಂಗಡಿಯೊಂದರ ಕೆಲಸ

ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಬಳಿ ಇರುವ ಒಂದು ಸಣ್ಣ ಲೇತ್ ಅಂಗಡಿಯಲ್ಲಿ, ನಮ್ಮ ಮನೆಯಲ್ಲಿ ಸಾಕಿರುವ, ಇಲಿಯಂಥ ಪುಟ್ಟ ಪ್ರಾಣಿಯಾದ ಸಿರಿಯನ್ ಹ್ಯಾಮ್‌ಸ್ಟರ್‌ಗೆ ಓಡುವ ಚಕ್ರವನ್ನು ಮಾಡಿಸಿದ್ದೇವೆ. ಬೋರ್‌ವೆಲ್ ಮೋಟರಿನ ಶಾಫ್ಟು, ಬುಷ್ಷುಗಳನ್ನು ಕಡೆದುಕೊಡುವುದು ಅಲ್ಲಿನ ಮುಖ್ಯ ಕಸುಬು. ಅಂಥ ಕೈಗಳಿಂದ ಬಂದ ಈ ಚಕ್ರ, ನಾವು ಮೊದಲು ಪಂಜರದ ಜೊತೆಗೇ ಕೊಂಡಿದ್ದ ರೆಡಿಮೇಡ್ ಚಕ್ರಕ್ಕಿಂತ ಎಷ್ಟೋ ಮೇಲಾಗಿದೆ.

ಹ್ಯಾಮ್‌ಸ್ಟರ್ ರಾತ್ರಿ ಸಂಚಾರಿ. ಮನೆಯವರೆಲ್ಲ ಮಲಗುವ ಹೊತ್ತಿಗೆ ಎದ್ದು, ಬೆಳಗಾಗುವುದರೊಳಗೆ ಹಲವು ಕಿಲೋಮೀಟರ್ ಓಡಬಲ್ಲದು. ಹಳೆಯ ಚಕ್ರದಲ್ಲಿ ತಂತಿಯ ಅಚ್ಚು ಪ್ಲಾಸ್ಟಿಕ್ ತೂತಿನೊಳಗೆ ನೇರವಾಗಿ ಉಜ್ಜಿಕೊಂಡು ತಿರುಗುತ್ತಿತ್ತು. ಎಣ್ಣೆ ಬಿಟ್ಟರೆ ಸ್ವಲ್ಪ ಕಾಲ ಸುಮ್ಮನಿದ್ದು ಮತ್ತೆ ಕಿರುಗುಟ್ಟುತ್ತಿತ್ತು. ಅದನ್ನು ಪಂಜರದ ಕಂಬಿಗೇ ನೇತುಹಾಕಿದ್ದರಿಂದ ಚಕ್ರದ ನಡುಕವೆಲ್ಲ ಕಂಬಿಗಳಿಗೆ ದಾಟಿ ಪಂಜರವೇ ಗಡಗಡ ಎನ್ನುತ್ತಿತ್ತು. ಸದ್ದಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಪ್ರಾಣಿಯ ಬೆನ್ನು: ಚಕ್ರ ಕಿರಿದಾಗಿದ್ದರಿಂದ ಅದು ಓಡುವಾಗ ಬೆನ್ನನ್ನು ಹಿಂದಕ್ಕೆ ಬಾಗಿಸಬೇಕಾಗುತ್ತಿತ್ತು.

ಹಳೆಯ ಚಕ್ರವನ್ನು ಕೈಯಲ್ಲಿ ತಿರುಗಿಸಿ ನೋಡಿದ ಮೇಸ್ತ್ರಿ, "ಇದಕ್ಕೆ ಎಣ್ಣೆ ಬಿಟ್ಟು ಪ್ರಯೋಜನ ಇಲ್ಲ ಸಾರ್, ಬೇರಿಂಗೇ ಹಾಕ್ಬೇಕು" ಎಂದರು. ಅವರು ಆರಿಸಿದ್ದು 608 ಸಂಖ್ಯೆಯ ಬೇರಿಂಗ್, ಅಂದರೆ ಸ್ಕೇಟಿಂಗ್ ಗಾಲಿಗಳಲ್ಲಿ ಇರುವಂಥದ್ದು. ಅದರ ಒಳಗಿನ ತೂತು 8 ಮಿ.ಮೀ., ಹೊರಗಿನ ಅಳತೆ 22 ಮಿ.ಮೀ., ದಪ್ಪ 7 ಮಿ.ಮೀ. ಒಂದೇ ಬೇರಿಂಗ್ ಹಾಕಿದರೆ ಚಕ್ರ ವಾಲಾಡುತ್ತದೆಂದು, ನೈಲಾನ್ ರಾಡಿನಿಂದ ಒಂದು ಗುಂಬವನ್ನು (ಚಕ್ರದ ನಡುವಿನ ಹಬ್) ಕಡೆದು, ಅದರ ಎರಡು ತುದಿಗಳಲ್ಲೂ ಒಂದೊಂದನ್ನು ಕೂರಿಸಿದರು. ಬೇರಿಂಗ್ ಕೂರುವ ಗುಳಿ ಸಡಿಲವಾದರೆ ಅದೇ ಕಟಕಟ ಎನ್ನುತ್ತದೆ, ತೀರ ಬಿಗಿಯಾದರೆ ಒಳಗಿನ ಗುಂಡುಗಳು ಸಲೀಸಾಗಿ ಉರುಳುವುದಿಲ್ಲ. ಹಾಗಾಗಿ ಸ್ವಲ್ಪ ಕಡೆಯುವುದು, ಬೇರಿಂಗ್ ಇಟ್ಟು ನೋಡುವುದು, ಮತ್ತೆ ಕೂದಲೆಳೆಯಷ್ಟು ಕಡೆಯುವುದು ಹೀಗೇ ತಾಳ್ಮೆಯಿಂದ ನಡೆಯಿತು. ರಬ್ಬರ್ ಮುಚ್ಚಳದ ಬೇರಿಂಗ್ ಹಗುರವಾದ ಚಕ್ರವನ್ನು ಹಿಡಿದೆಳೆಯುತ್ತದೆಂದು ಲೋಹದ ಮುಚ್ಚಳದ್ದನ್ನೇ ಹಾಕಿದ್ದಾರೆ. ವಾಷರ್ ಕೂಡ ಚಿಕ್ಕದು. ದೊಡ್ಡದಾಗಿದ್ದರೆ ಬೇರಿಂಗಿನ ಹೊರಬಳೆಗೆ ತಾಗಿ ಹೊಸ ಸದ್ದು ಹುಟ್ಟುತ್ತಿತ್ತು.

ಚಕ್ರದ ಮೈಗೆ ನೇರ ಅಂಚಿನ, 30 ಸೆಂ.ಮೀ. ವ್ಯಾಸದ ದುಂಡನೆಯ ಪ್ಲಾಸ್ಟಿಕ್ ಡಬ್ಬಿಯನ್ನು ನಾನೇ ಒಯ್ದಿದ್ದೆ. ಸಿರಿಯನ್ ಜಾತಿಗೆ 28 ಸೆಂ.ಮೀ.ಗೆ ಕಡಿಮೆ ಇರಬಾರದು. ಓಡುವ ನೆಲ ಸಂದುಗಳಿಲ್ಲದೆ ಒಂದೇ ಸಮ ಇರಬೇಕು, ಏಕೆಂದರೆ ತಂತಿ ಅಥವಾ ಜಾಲರಿಯ ಚಕ್ರದಲ್ಲಿ ಕಾಲು ಸಿಕ್ಕಿಕೊಂಡು ಗಾಯವಾಗುತ್ತದೆ. ಒಳಮೈಗೆ ತೆಳುವಾದ ಕಾರ್ಕ್ ಹಾಳೆ ಅಂಟಿಸಿದ್ದರಿಂದ ಕಾಲು ಜಾರುವುದಿಲ್ಲ, ಉಗುರಿನ ಟಕಟಕವೂ ಕೇಳಿಸುವುದಿಲ್ಲ. ಕಾರ್ಕಿನ ತುದಿಗಳು ಒಂದರ ಮೇಲೊಂದು ಬಂದ ಕಡೆ ಭಾರ ಹೆಚ್ಚಾಗಿ, ತಿರುಗಿಸಿ ಬಿಟ್ಟಾಗಲೆಲ್ಲ ಅದೇ ಜಾಗ ಕೆಳಗೆ ಬಂದು ನಿಲ್ಲುತ್ತಿತ್ತು. ಮೇಸ್ತ್ರಿ ಸೀಮೆಸುಣ್ಣದಿಂದ ಅಲ್ಲಿ ಗುರುತು ಹಾಕಿ, ತುದಿಗಳನ್ನು ಕತ್ತರಿಸಿ ಎದುರುಬದುರು ಜೋಡಿಸಿ, ಗುರುತು ಎಲ್ಲಿ ಬೇಕಾದರೂ ನಿಲ್ಲುವವರೆಗೂ ಬಿಡಲಿಲ್ಲ. ಈ ಒಂದು ಕೆಲಸಕ್ಕೇ ಅವರನ್ನು ಮನಸಾರೆ ಮೆಚ್ಚುತ್ತೇನೆ. ಚಕ್ರ ಈಗ ಪಂಜರವನ್ನು ಮುಟ್ಟದೆ, ಅಡಿಗೆ ರಬ್ಬರ್ ಹಾಕಿದ ಭಾರವಾದ ಮರದ ಸ್ಟ್ಯಾಂಡಿನ ಮೇಲೆ ನಿಂತಿದೆ. ಅಚ್ಚು ಹಿಂದಿನಿಂದ ಮಾತ್ರ ಬರುವುದರಿಂದ ಮುಂಭಾಗ ಪೂರ್ತಿ ತೆರೆದಿದೆ, ಪ್ರಾಣಿಯ ತಲೆ ಸಿಕ್ಕಿಕೊಳ್ಳುವಂಥ ಅಡ್ಡಪಟ್ಟಿ ಎಲ್ಲೂ ಇಲ್ಲ.

ಆಕ್ಷೇಪಣೆಗಳೂ ಇವೆ. ಕಾರ್ಕ್ ಅಂಟಿಸಲು ಘಾಟು ವಾಸನೆಯ ರಬ್ಬರ್ ಗಮ್ ಬಳಸಿದ್ದು ಸರಿಯಾಗಲಿಲ್ಲ. ವಾಸನೆಯಿಂದಲೇ ಜಗತ್ತನ್ನು ಅರಿಯುವ ಇಷ್ಟು ಸಣ್ಣ ಪ್ರಾಣಿಗೆ ಅದು ಸಲ್ಲದು. ವಾಸನೆ ಪೂರ್ತಿ ಹೋಗುವವರೆಗೆ ಚಕ್ರವನ್ನು ತಾರಸಿಯ ಮೇಲೆ ಗಾಳಿಗೆ ಇಡಬೇಕಾಯಿತು. ಮರಕ್ಕೆ ಹಾಕುವ ಬಿಳಿ ಅಂಟು ಸಾಕಾಗುತ್ತಿತ್ತು. ಸ್ಟ್ಯಾಂಡಿನ ಪ್ಲೈವುಡ್ ಅಂಚುಗಳನ್ನು ಹಾಗೇ ಬಿಟ್ಟಿದ್ದರಿಂದ ಅವು ಮೂತ್ರವನ್ನು ಹೀರಿಕೊಳ್ಳುತ್ತವೆ. ಬೇಸಿಗೆಯಲ್ಲಿ ರೈತರ ಮೋಟರ್ ಕೆಲಸಕ್ಕೆ ಮೊದಲ ಆದ್ಯತೆ ಇರುವುದರಿಂದ ಹೇಳಿದ ದಿನಕ್ಕೆ ಚಕ್ರ ಸಿಗಲಿಲ್ಲ, ಅದು ನ್ಯಾಯವೇ.

ಡಬ್ಬಿ ಬಿಟ್ಟು, ಬೇರಿಂಗ್ ಮತ್ತು ಕೂಲಿ ಸೇರಿ 850 ರೂಪಾಯಿ ಆಯಿತು. ಇಂಥ ಚಕ್ರ ಮಾಡಿಸುವವರು ಯಾವ ಲೇತ್ ಅಂಗಡಿಗೆ ಹೋದರೂ ಡಬ್ಬಿ, ಕಾರ್ಕ್ ಮತ್ತು ಬಿಳಿ ಅಂಟನ್ನು ತಾವೇ ಒಯ್ಯುವುದು ಒಳ್ಳೆಯದು. ಒಳಗಡೆ ಸ್ಕ್ರೂ ತಲೆಗಳು ಎದ್ದು ನಿಲ್ಲದಂತೆ ತಗ್ಗಿಸಿ ಕೂರಿಸಲು ಮೊದಲೇ ಹೇಳಬೇಕು. ಡ್ವಾರ್ಫ್ ಎಂಬ ಕುಳ್ಳ ಜಾತಿಯ ಹ್ಯಾಮ್‌ಸ್ಟರ್ ಇದ್ದರೆ 20 ಸೆಂ.ಮೀ. ಡಬ್ಬಿ ಸಾಕು, ಬೇರಿಂಗ್ ಮಾತ್ರ ಇದೇ 608.