ಪಿಕಪ್‌ನ ತಳಕ್ಕೆ ಕಬ್ಬಿಣವೋ, ಅಲ್ಯೂಮಿನಿಯಮ್ಮೋ?

ಕಾಸರಗೋಡಿನ ಉಪ್ಪುಗಾಳಿ, ಮಳೆಗೆ ಪಿಕಪ್‌ನ ತಳ ತೂತಾಗಿದ್ದರೆ ಮೊದಲು ಅಡಿಯ ಅಡ್ಡಪಟ್ಟಿಗಳನ್ನು ಸುತ್ತಿಗೆಯಿಂದ ಬಡಿದು ನೋಡಿ. ಅವೇ ಉದುರಿದರೆ ಯಾವ ತಗಡು ಹಾಕಿಯೂ ಫಲವಿಲ್ಲ.

ಕೆಂಪುಕಲ್ಲು, ಜಲ್ಲಿ ಸಾಗಿಸುವವರಿಗೆ 3 ಮಿ.ಮೀ. ಕಬ್ಬಿಣದ ಚೆಕರ್ಡ್ ಪ್ಲೇಟೇ (ಮೇಲೆ ಉಬ್ಬುಗೆರೆಗಳಿರುವ ತಗಡು) ಸರಿ. ಚದರ ಮೀಟರಿಗೆ ಸುಮಾರು 25 ಕೆ.ಜಿ. ಭಾರ, ಆದರೆ ಊರಿನ ಯಾವ ವೆಲ್ಡರ್ ಬೇಕಾದರೂ ಕೂರಿಸಬಲ್ಲ. ಬ್ಯಾಟರಿ ತಂತಿ ಕಳಚಿ, ಬಿಟ್ಟುಬಿಟ್ಟು ವೆಲ್ಡ್ ಮಾಡಿಸಿ. ಒಂದೇ ಸಮ ಎಳೆದರೆ ತಗಡು ಡೊಂಕಾಗುತ್ತದೆ. ವೆಲ್ಡಿನ ಜಾಗ ಬಿಟ್ಟು ಅಡಿಮೈಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್ ಮೊದಲೇ ಬಳಿಯಬೇಕು, ಆಮೇಲೆ ಅಲ್ಲಿಗೆ ಕೈ ಹೋಗದು.

ಮೀನು ಹೇರುವವರಿಗೆ ಅಲ್ಯೂಮಿನಿಯಂ ಮೇಲು. ತೂಕ ಮೂರನೇ ಒಂದರಷ್ಟು. ದುಬಾರಿ, ಕಲ್ಲಿನ ಮೂಲೆ ಬಡಿದರೆ ತಗ್ಗು ಬೀಳುತ್ತದೆ. ಕಬ್ಬಿಣದ ಪಟ್ಟಿಗೆ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಮ್ಮೇ ಸವೆಯುತ್ತದೆ. ನಡುವೆ ರಬ್ಬರ್ ಪಟ್ಟಿ, ಸ್ಟೀಲ್ ಬೋಲ್ಟಿಗೆ ನೈಲಾನ್ ವಾಷರ್ ಕೊಡಲೇಬೇಕು.